ಗಾಡಿ ತೊಳೆಯುವ ಗುತ್ತಿಗೆ: ಹೊರಮೈ ಬೇರೆ, ಒಳಮೈ ಬೇರೆ



ಮದುವೆ ಸೀಸನ್ ಮುಗಿದು ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕೇಟರಿಂಗ್ ಗಾಡಿಗಳ ಅವಸ್ಥೆ ಹೇಗಿರುತ್ತದೆಂದು ತಮಗೆ ವಿವರಿಸಬೇಕಾಗಿಲ್ಲ. ಹೊರಗೆ ಕೆಸರು, ಒಳಗೆ ಸಾಂಬಾರಿನ ಕಲೆ, ಬಾಗಿಲ ಸಂದಿಯಲ್ಲಿ ಒಣಗಿದ ಅನ್ನದ ಅಗುಳು. ಒಂದೆರಡು ಟೆಂಪೊ ಇರುವವರು ಹುಡುಗರ ಕೈಗೆ ಪೈಪು ಕೊಟ್ಟು ತೊಳೆಸಿಬಿಡುತ್ತಾರೆ. ಐದಾರು ಗಾಡಿ ಓಡಿಸುವವರಿಗೆ ಅದು ಆಗದ ಮಾತು. ಅಂಥವರು, ಗಾಡಿ ನಿಂತಲ್ಲಿಗೇ ನೀರಿನ ಟಾಂಕಿ, ಪ್ರೆಶರ್ ಮಶೀನ್ ತಂದು ತೊಳೆದುಕೊಡುವವರನ್ನು ತಿಂಗಳ ಗುತ್ತಿಗೆಗೆ ಇಟ್ಟುಕೊಳ್ಳುವುದುಂಟು. ಮಾತು ಮುಗಿಸುವ ಮೊದಲು ಏನೇನು ನೋಡಬೇಕು ಎಂಬುದೇ ಈ ಸಂಚಿಕೆಯ ನಮ್ಮ ಪಾಠ.

ಮೊದಲು ಒಂದು ವಿಚಾರ ಸ್ಪಷ್ಟ ಮಾಡಿಕೊಳ್ಳೋಣ. ಗಾಡಿಯ ಹೊರಮೈ ನಮ್ಮ ಹೆಸರಿಗೆ ಸಂಬಂಧಪಟ್ಟದ್ದು, ಒಳಮೈ ಗಿರಾಕಿಯ ಹೊಟ್ಟೆಗೆ ಸಂಬಂಧಪಟ್ಟದ್ದು. ಸರಕು ಸಾಗಿಸುವ ಲಾರಿಯವರಿಗೆ ಈ ಭೇದವಿಲ್ಲ, ನಮಗೆ ಇದೆ. ಆದ್ದರಿಂದ ಹೊರಮೈ, ಚಕ್ರ, ಅಡಿಭಾಗಗಳನ್ನು ಗುತ್ತಿಗೆಗೆ ಕೊಡಿ. ಊಟದ ಪಾತ್ರೆ ಇಡುವ ಒಳಭಾಗವನ್ನು ನಮ್ಮ ಅಡುಗೆಮನೆಯ ಜನರ ಕೈಯಲ್ಲೇ ಇಟ್ಟುಕೊಳ್ಳಿ. "ಅಣ್ಣಾ, ಒಳಗೂ ಒಂದು ಸಲ ಹೊಡೆದುಬಿಡಲಾ?" ಎಂದು ಮಶೀನಿನವನು ಪ್ರೀತಿಯಿಂದಲೇ ಕೇಳುತ್ತಾನೆ. ಬೇಡವೆನ್ನಿ.

ಕಾರಣ ಇದು. ಜೋರಾದ ನೀರು ಕೊಳೆಯನ್ನು ಕಿತ್ತು ಹಾಕುತ್ತದೆ ನಿಜ, ಆದರೆ ಮುಚ್ಚಿದ ಡಬ್ಬಿಯಂಥ ಜಾಗದಲ್ಲಿ ಆ ಕೊಳೆ ಸಣ್ಣ ಹನಿಗಳಾಗಿ ಸಿಡಿದು ಗೋಡೆಗೆ, ಮೇಲ್ಛಾವಣಿಗೆ ಅಂಟುತ್ತದೆ. ನೆಲದಲ್ಲಿದ್ದದ್ದು ಸೂರಿಗೆ ಹೋಯಿತು, ಅಷ್ಟೆ. ಶೀತಲ ಗಾಡಿಯಾದರೆ ಪಫ್ ಪ್ಯಾನೆಲಿನ ಸಂದಿಯಿಂದ ನೀರು ಒಳಗಿಳಿದು, ಗಾಡಿ ತಂಪು ಹಿಡಿಯುವುದು ಕಡಿಮೆಯಾಗುತ್ತದೆ, ವಾಸನೆಯೂ ಶುರುವಾಗುತ್ತದೆ. ಬಾಗಿಲ ರಬ್ಬರ್ ಹರಿದರಂತೂ ಹೇಳುವುದೇ ಬೇಡ.

ಎರಡನೆಯ ಕಾರಣ ನೀರು. ಗುತ್ತಿಗೆಯವನನ್ನು ದರ ಕೇಳುವ ಮುಂಚೆ "ನೀರು ಎಲ್ಲಿಯದು?" ಎಂದು ಕೇಳಿ. ಟಾಂಕರಿನದೋ ಬಾವಿಯದೋ ನೀರಾದರೆ ಚಕ್ರ, ಬಂಪರು ತೊಳೆಯಲು ಅಡ್ಡಿಯಿಲ್ಲ. ಆದರೆ ಆಹಾರ ಸುರಕ್ಷತೆ ಲೈಸನ್ಸಿನ 2011ರ ನಿಯಮಾವಳಿಯ 4ನೇ ಅನುಸೂಚಿಯ ಪ್ರಕಾರ, ಕುಡಿಯಲು ಯೋಗ್ಯವಲ್ಲದ ನೀರನ್ನು ಆಹಾರಕ್ಕೆ ತಾಗದ ಸಾಮಾನು ತೊಳೆಯಲು ಮಾತ್ರ ಬಳಸಬಹುದು. ಆಹಾರ ಸಾಗಿಸುವ ಗಾಡಿ ಶುಚಿಯಾಗಿರಬೇಕು, ಅದೇ ಗಾಡಿಯಲ್ಲಿ ಬೇರೆ ಸರಕು ಒಯ್ದಿದ್ದರೆ ನಡುವೆ ತೊಳೆದು ಸೋಂಕು ತೆಗೆಯಬೇಕು ಎಂದೂ ಅದೇ ಅನುಸೂಚಿಯಲ್ಲಿದೆ. ಬೆಳಿಗ್ಗೆ ಮಾರ್ಕೆಟಿನಿಂದ ಈರುಳ್ಳಿ ಮೂಟೆ ತಂದ ಟೆಂಪೊದಲ್ಲೇ ಮಧ್ಯಾಹ್ನ ಹಾಲಿಗೆ ಊಟ ಕಳಿಸುವವರು ನಮ್ಮಲ್ಲಿ ಕಡಿಮೆ ಇಲ್ಲ. ಈ ಸಾಲು ಅವರಿಗೇ ಬರೆದಂತಿದೆ.

ಹಾಗಾದರೆ ಒಳಗೆ ತೊಳೆಯುವ ಕ್ರಮ ಹೇಗೆ? ಮೊದಲು ಒಣಕಸ ಗುಡಿಸಿ. ಹಾಲು, ಮೊಸರು ಚೆಲ್ಲಿದ್ದರೆ ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರೇ ಮೊದಲು. ಒಮ್ಮೆಲೇ ಕುದಿನೀರು ಸುರಿದರೆ ಹಾಲಿನ ಅಂಶ ಗಟ್ಟಿಯಾಗಿ ಕೂತುಬಿಡುತ್ತದೆ. ತುಪ್ಪ, ಡಾಲ್ಡಾ ಜಿಡ್ಡಿಗೆ ಇದರ ಉಲ್ಟಾ. 40 ಡಿಗ್ರಿಗಿಂತ ಕೆಳಗಿನ ನೀರಿಗೆ ಡಾಲ್ಡಾ ಸರಿಯಾಗಿ ಕರಗುವುದಿಲ್ಲ; 60 ಡಿಗ್ರಿಯಷ್ಟು ಬಿಸಿ ನೀರು, ಸೋಪು, ಬ್ರಶ್ ಬೇಕು. ಆಮೇಲೆ ಚೆನ್ನಾಗಿ ಜಾಲಿಸಿ. ಕೊನೆಗೆ ಕ್ಲೋರಿನ್: ಸೇಕಡಾ 5ರ ಹೈಪೊಕ್ಲೋರೈಟ್ 20 ಮಿಲಿ ತೆಗೆದು 10 ಲೀಟರ್ ನೀರಿಗೆ ಬೆರೆಸಿದರೆ 100 ಪಿಪಿಎಂ ಆಗುತ್ತದೆ. ಅದನ್ನು ಒರೆಸಿ ಹತ್ತು ನಿಮಿಷ ಬಿಟ್ಟು, ಕುಡಿಯುವ ನೀರಿನಿಂದ ತೊಳೆದು, ಬಾಗಿಲು ತೆರೆದಿಟ್ಟು ಒಣಗಿಸಿ. ಒದ್ದೆ ಗಾಡಿಯ ಬಾಗಿಲು ಹಾಕಿ ರಾತ್ರಿ ನಿಲ್ಲಿಸಿದರೆ ತೊಳೆದದ್ದೆಲ್ಲ ದಂಡ. ಕ್ಲೋರಿನ್ ಹಳೆಯದಾದಂತೆ, ಬಿಸಿಲಿನಲ್ಲಿಟ್ಟಂತೆ ಬಲ ಕಳೆದುಕೊಳ್ಳುತ್ತದೆ, ಸಣ್ಣ ಕ್ಯಾನ್ ತರಿಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಜತೆ ಅದನ್ನು ಯಾವತ್ತೂ ಬೆರೆಸಕೂಡದು. ಹೊರಡುವ ಗಾಳಿ ವಿಷ, ಮುಚ್ಚಿದ ಗಾಡಿಯೊಳಗಿನ ಹುಡುಗನ ಜೀವಕ್ಕೇ ಅಪಾಯ.

ಇನ್ನು ಗುತ್ತಿಗೆಯವನ ಕೆಲಸಕ್ಕೆ ಬರೋಣ. ಸಾದಾ ಪೈಪಿನಲ್ಲಿ ನಿಮಿಷಕ್ಕೆ 20 ಲೀಟರ್ ಹರಿದರೆ 20 ನಿಮಿಷಕ್ಕೆ 400 ಲೀಟರ್ ಹೋಯಿತು. ನಿಮಿಷಕ್ಕೆ 8 ಲೀಟರ್ ಎಳೆಯುವ ಮಶೀನಿನಲ್ಲಿ ಅಷ್ಟೇ ಹೊತ್ತಿಗೆ 160 ಲೀಟರ್. ಟಾಂಕರ್ ನೀರಿಗೆ ದುಡ್ಡು ಸುರಿಯುವ ನಮ್ಮ ನಗರಗಳಲ್ಲಿ ಇದು ಸಣ್ಣ ಉಳಿತಾಯವಲ್ಲ. ಆದರೆ ಒತ್ತಡ ಹೆಚ್ಚಿದಷ್ಟೂ ಒಳ್ಳೆಯದೆಂಬ ಮಾತನ್ನು ನಂಬಬೇಡಿ. 100 ಬಾರ್ ಆಸುಪಾಸಿನ ಒತ್ತಡ, ಅಗಲವಾಗಿ ಹರಡುವ 40 ಡಿಗ್ರಿಯ ನಾಜಲ್ ನಮ್ಮ ಗಾಡಿಗಳಿಗೆ ಸಾಕು. ಸೂಜಿಯಂತೆ ಹೊಡೆಯುವ ಸೊನ್ನೆ ಡಿಗ್ರಿ ನಾಜಲ್ ಪೈಂಟ್ ಎಬ್ಬಿಸುತ್ತದೆ, ಟಯರಿನ ಪಕ್ಕವನ್ನು ಹಾಳುಮಾಡುತ್ತದೆ. ರೇಡಿಯೇಟರಿನ ರೆಕ್ಕೆಗಳು, ಬ್ಯಾಟರಿ, ವಯರಿಂಗಿನ ಜೋಡಣೆಗಳು, ಚಕ್ರದ ಬೇರಿಂಗ್ ಸೀಲ್, ಸಿಎನ್‌ಜಿ ಗಾಡಿಯಾದರೆ ಗ್ಯಾಸಿನ ಫಿಟ್ಟಿಂಗ್, ಇವುಗಳ ಹತ್ತಿರ ಮಶೀನ್ ಬರಕೂಡದು. ಒಂದು ಗಾಡಿಯನ್ನು ಪುಕ್ಕಟೆಯಾಗಿ ತೊಳೆದು ತೋರಿಸಲು ಹೇಳಿ, ಡ್ರೈವರನನ್ನು ಜತೆಗೆ ನಿಲ್ಲಿಸಿ. ಗಾಡಿಯ ಮರ್ಮ ಅವನಿಗೆ ಗೊತ್ತಿರುತ್ತದೆ.

ಮಶೀನ್ ಹಿಡಿದವನ ಕಾಲಲ್ಲಿ ಗಂಬೂಟು, ಕಣ್ಣಿಗೆ ಕನ್ನಡಕ ಇದೆಯೇ ನೋಡಿ. ನಮ್ಮ ಮೀಟರಿನಿಂದ ಕರೆಂಟು ಕೊಡುವುದಾದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದ ಬೋರ್ಡಿನಿಂದ ಕೊಡಬೇಡಿ. ಈ ನೀರಿನ ಧಾರೆ ಕೈಗೆ ತಾಗಿದರೆ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಕಾಣುವುದು ಸಾಸಿವೆಯಷ್ಟು ತೂತು, ನೋವೂ ಮೊದಮೊದಲು ಕಡಿಮೆ. ಮುಲಾಮು ಹಚ್ಚಿ ಮನೆಗೆ ಕಳಿಸುವ ಗಾಯ ಇದಲ್ಲ. ಕೂಡಲೇ ಆಪರೇಶನ್ ಸೌಕರ್ಯವಿರುವ ಆಸ್ಪತ್ರೆಗೆ ಒಯ್ಯಬೇಕು, ಹೈ ಪ್ರೆಶರ್ ನೀರಿನ ಗಾಯವೆಂದು ಡಾಕ್ಟರಿಗೆ ಹೇಳಲೇಬೇಕು. ತಡವಾದರೆ ಬೆರಳೇ ಹೋದೀತು. ಅವನು ಗುತ್ತಿಗೆಯವನ ಆಳಾದರೂ ಬಿದ್ದದ್ದು ನಮ್ಮ ಅಂಗಳದಲ್ಲಿ. ಅವರ ಆಳುಗಳಿಗೆ ವಿಮೆ ಉಂಟೋ ಎಂದು ಮೊದಲೇ ಕೇಳಿ ಕಾಗದ ನೋಡಿಕೊಳ್ಳಿ.

ತೊಳೆದ ನೀರು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಮುಂಬಯಿಯಲ್ಲಿ ಮಳೆನೀರಿನ ಗಟಾರಕ್ಕೆ ಬಿಟ್ಟದ್ದು ಶುದ್ಧೀಕರಣವಿಲ್ಲದೆ ನೇರ ಖಾಡಿಗೆ, ಸಮುದ್ರಕ್ಕೆ ಸೇರುತ್ತದೆ. ಜಿಡ್ಡು ಹೆಪ್ಪುಗಟ್ಟಿದರೆ ಮೊದಲ ಮಳೆಗೇ ನಮ್ಮ ಗಲ್ಲಿಯಲ್ಲಿ ನೀರು ನಿಲ್ಲುತ್ತದೆ. ರಸ್ತೆಯಲ್ಲಿ ಗಾಡಿ ತೊಳೆಯುವುದಕ್ಕೆ ಮಹಾನಗರಪಾಲಿಕೆಯ 2006ರ ಸ್ವಚ್ಛತಾ ಉಪವಿಧಿಗಳಲ್ಲೇ ದಂಡವಿತ್ತು. ಆದ್ದರಿಂದ ಅಂಗಳದೊಳಗೆ, ಮೋರಿ ಡ್ರೈನೇಜಿಗೆ ಸೇರುವ ಜಾಗದಲ್ಲಿ, ಗ್ರೀಸ್ ಟ್ರ್ಯಾಪ್ ದಾಟಿ ಹೋಗುವಂತೆ ತೊಳೆಸಿ. ಕೆಸರು ಮೊದಲು ಗುಡಿಸಿ ತೆಗೆಯದಿದ್ದರೆ ಟ್ರ್ಯಾಪ್ ತುಂಬುತ್ತದೆ.

ಲೆಕ್ಕದ ವಿಷಯ ಸಂಕ್ಷೇಪವಾಗಿ. ದರ ಗಾಡಿಗೆ ಇಷ್ಟೆಂದು ಇರಲಿ, ತಿಂಗಳಿಗೆ ಇಷ್ಟೆಂದು ಬೇಡ. ಮಳೆಗಾಲದಲ್ಲಿ ಅವರು ಬಾರದ ವಾರಕ್ಕೂ ದುಡ್ಡು ಹೋಗುತ್ತದೆ. ಬಿಲ್ಲು ಪಕ್ಕಾ ಇರಲಿ, ಗುತ್ತಿಗೆ ಪಾವತಿಯ ಟಿಡಿಎಸ್ ಬಗ್ಗೆ ತಮ್ಮ ಆಡಿಟರರನ್ನು ವಿಚಾರಿಸಿ. ಪೆಟ್ಟಾದ ಭಾಗದ ಖರ್ಚು ಯಾರದು ಎಂಬುದು ಒಂದು ಸಾಲಾದರೂ ಬರಹದಲ್ಲಿರಬೇಕು.

ಒಳಭಾಗ ತೊಳೆದ ತಾರೀಕು, ಹೊತ್ತು, ತೊಳೆದವನ ಸಹಿ, ಇಷ್ಟನ್ನು ಒಂದು ನೂರು ಪುಟದ ಪುಸ್ತಕದಲ್ಲಿ ಬರೆಸಿ ಗಾಡಿಯಲ್ಲೇ ಇಡಿಸಿ. ಯಾವುದೋ ಮದುವೆಯಲ್ಲಿ ನಾಲ್ಕು ಜನರಿಗೆ ಹೊಟ್ಟೆ ಕೆಟ್ಟು ಇನ್‌ಸ್ಪೆಕ್ಟರ್ ಬಂದಾಗ ಅವರು ನಮ್ಮ ಬಾಯಿಮಾತು ಕೇಳುವುದಿಲ್ಲ, ದಾಖಲೆ ಕೇಳುತ್ತಾರೆ. ಪುಸ್ತಕವನ್ನು ವಾರಕ್ಕೊಮ್ಮೆ ಮಾಲಕರು ತಾವೇ ತೆರೆದು ನೋಡಬೇಕು, ಇಲ್ಲದಿದ್ದರೆ ತಿಂಗಳ ಸಹಿಯೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ದಿನ ಬಿದ್ದಿರುತ್ತದೆ.