ಮಳೆಗಾಲ ನೆನೆದು ಡಿಶ್ ಕೂರಿಸು

ತಮ್ಮಾ, ಊರಿನ ಮನೆಗೆ ಡಿಶ್ ಹಾಕಿಸಬೇಕು, ಯಾವ ಕಂಪನಿಯದು ಒಳ್ಳೆಯದು ಎಂದು ಕೇಳಿದ್ದೀಯ. ಕಂಪನಿಯ ಮಾತು ಆಮೇಲೆ. ಆ ಟಿವಿಯ ಮುಂದೆ ಕೂರುವವರು ಯಾರು, ನಿಮ್ಮ ಮನೆಯ ಮೇಲೆ ಆಕಾಶ ಎಷ್ಟು ತೆರೆದಿದೆ, ಈ ಎರಡನ್ನು ಮೊದಲು ನೋಡು.

ಕೂರುವವರು ನಿನ್ನ ಅಪ್ಪ, ಅಮ್ಮ. ಅಮ್ಮನ ಪಕ್ಕ ಕೂತು, ಅವಳು ದಿನವೂ ನೋಡುವುದು ಏನೇನು ಎಂದು ಚೀಟಿಯಲ್ಲಿ ಬರೆದುಕೋ. ದೂರದರ್ಶನದವರು 2004ರ ಡಿಸೆಂಬರಿನಲ್ಲಿ ಶುರು ಮಾಡಿದ ಸೇವೆಗೆ ಈಗ ಡಿಡಿ ಫ್ರೀ ಡಿಶ್ ಎಂದು ಹೆಸರು. ಡಿಶ್ಶು, ಬಾಕ್ಸು ಕೊಂಡರೆ ಮುಗಿಯಿತು, ತಿಂಗಳ ರೀಚಾರ್ಜ್ ಇಲ್ಲ. ಚಂದನ ಅದರಲ್ಲಿ ಸಿಗುತ್ತದೆ. ಖಾಸಗಿ ಕನ್ನಡ ಚಾನೆಲ್‌ಗಳೆಲ್ಲ ಸಿಗುವುದಿಲ್ಲ. ಅಮ್ಮನ ಧಾರಾವಾಹಿ ಆ ಚಾನೆಲ್‌ಗಳಲ್ಲಿದ್ದರೆ ದುಡ್ಡು ಕಟ್ಟುವ ಸೇವೆಯೇ ಬೇಕು. ಆಗಲೂ ದೊಡ್ಡ ಪ್ಯಾಕೇಜಿಗೆ ತಲೆ ಆಡಿಸಬೇಡ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2019ರಲ್ಲಿ ಜಾರಿಗೆ ತಂದ ನಿಯಮದಂತೆ ಬೇಕಾದ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಬಹುದು. ಚೀಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕು. ಇನ್ನು ಕಂಪನಿಯ ವಿಷಯ: ಕೆಟ್ಟು ನಿಂತರೆ ನಿಮ್ಮೂರಿಗೆ ಯಾವ ಕಂಪನಿಯ ಹುಡುಗ ಬೇಗ ಬರುತ್ತಾನೆ ಎಂದು ಅಕ್ಕಪಕ್ಕದ ಮನೆಯಲ್ಲಿ ವಿಚಾರಿಸು. ಜಾಹೀರಾತಿಗಿಂತ ಆ ಮಾತನ್ನು ನಂಬು.

ಈಗ ಆಕಾಶದ ವಿಷಯ. ಡಿಶ್ಶಿಗೆ ಸಿಗ್ನಲ್ ಕಳಿಸುವ ಉಪಗ್ರಹಗಳು ಸಮಭಾಜಕ ವೃತ್ತದ ನೇರಕ್ಕೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಫ್ರೀ ಡಿಶ್ ಬರುವ ಜಿಸ್ಯಾಟ್-15 ಇರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ. ನಮ್ಮ ಶಿವಮೊಗ್ಗದ ಕಡೆ ನಿಂತು ನೋಡಿದರೆ ಅದು ಆಗ್ನೇಯಕ್ಕೆ, ದಿಗಂತದಿಂದ ಸುಮಾರು 63 ಡಿಗ್ರಿ ಮೇಲೆ. ಡಿಶ್ ನೋಡಿದರೆ ಮಾತ್ರ ಅದರ ಮುಖ ಅಷ್ಟು ಮೇಲಕ್ಕೆ ಇದ್ದಂತೆ ಕಾಣುವುದಿಲ್ಲ. ಸಿಗ್ನಲ್ ಬಂದು ಸೇರುವ ತಲೆಯನ್ನು, ಅಂದರೆ ಎಲ್‌ಎನ್‌ಬಿಯನ್ನು, ಕೆಳಗಿನ ಕೈಗೆ ಕೂರಿಸುವ ಈ ಡಿಶ್‌ಗಳು ತಮ್ಮ ಮುಖ ತೋರಿಸುವುದಕ್ಕಿಂತ ಮೇಲಿನಿಂದ ಸಿಗ್ನಲ್ ಹಿಡಿಯುತ್ತವೆ. ಆದ್ದರಿಂದ ಎದುರಿನ ಮರ ಅಡ್ಡವೋ ಅಲ್ಲವೋ ಎಂದು ಕಣ್ಣಂದಾಜಿನಲ್ಲಿ ತೀರ್ಮಾನಿಸಬೇಡ. ಈ ಉಪಗ್ರಹಕ್ಕೆ ಲೆಕ್ಕ ಸುಲಭ: ಮರದ ತುದಿ ಡಿಶ್‌ಗಿಂತ 20 ಅಡಿ ಎತ್ತರವಿದ್ದರೆ, ಮರ 10 ಅಡಿಗಿಂತ ದೂರ ಇರಬೇಕು. ಬೇರೆ ಉಪಗ್ರಹವಾದರೆ ಕೋನವೂ ಬೇರೆ, ಅಂತರವೂ ಬೇರೆ. ಹತ್ತಿರದಲ್ಲಿ ಎಳೆಯ ಸಿಲ್ವರ್ ಓಕ್ ಇದ್ದರೆ ಅದು ಬೆಳೆಯುವುದನ್ನೂ ಲೆಕ್ಕಕ್ಕೆ ಹಿಡಿ.

ಮುಖ್ಯವಾದದ್ದು ಮಳೆ. ಇದನ್ನು ಚೆನ್ನಾಗಿ ತಿಳಿದುಕೋ. ಡಿಶ್ಶುಗಳು ಮೊದಲು ಹೀಗಿರಲಿಲ್ಲ: 1975ರ ಆಗಸ್ಟಿನಿಂದ ಒಂದು ವರ್ಷ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸುವ ಸೈಟ್ ಪ್ರಯೋಗ ನಡೆದಾಗ, ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಸುಮಾರು 10 ಅಡಿ ಅಗಲದ ತಂತಿಬಲೆಯ ಡಿಶ್‌ಗಳನ್ನು ನಿಲ್ಲಿಸಿದ್ದರು. ಬೇಸಾಯ, ಆರೋಗ್ಯದ ಕಾರ್ಯಕ್ರಮಗಳನ್ನು ಜನ ಒಟ್ಟಿಗೆ ಕೂತು ನೋಡಿದರು. ಆಗಿನ ತರಂಗ ಉದ್ದ, ಡಿಶ್ಶೂ ದೊಡ್ಡದು. ಈಗ ಮನೆಗೆ ಬರುವ ಕೆಯು ಬ್ಯಾಂಡಿನ ತರಂಗ ಎರಡೂವರೆ ಸೆಂಟಿಮೀಟರಿನಷ್ಟು. ಎರಡಡಿಯ ಡಿಶ್ ಸಾಕಾಗುವುದಕ್ಕೆ ಅದೂ ಒಂದು ಕಾರಣ. ಆದರೆ ಅಷ್ಟು ಗಿಡ್ಡ ತರಂಗವನ್ನು ಮಳೆಹನಿಗಳು ಹೀರುತ್ತವೆ, ಚದುರಿಸುತ್ತವೆ. ಜೋರು ಮಳೆ ಬಂದಾಗ ಚಿತ್ರ ಚೂರುಚೂರಾಗುವುದು ಅದಕ್ಕೇ.

ಮಳೆಯನ್ನು ತಡೆಯಲಾಗದು, ಮಳೆಗೆಂದು ಸಿಗ್ನಲ್ಲನ್ನು ಕೂಡಿಡಬಹುದು. ನಮ್ಮ ಮಲೆನಾಡಿಗೆ 60 ಸೆಂಟಿಮೀಟರಿನ ಬದಲು 90 ಸೆಂಟಿಮೀಟರಿನ ಡಿಶ್ ಸಿಕ್ಕರೆ ಅದನ್ನೇ ಹಾಕಿಸು. ಎರಡು ಪಟ್ಟಿಗಿಂತ ಹೆಚ್ಚು ಸಿಗ್ನಲ್ ಹಿಡಿಯುತ್ತದೆ. ಆದರೆ ದೊಡ್ಡ ಡಿಶ್ಶಿಗೆ ಗಾಳಿಯ ಹೊಡೆತ ಹೆಚ್ಚು, ಗುರಿಯೂ ಇನ್ನಷ್ಟು ನಿಖರವಾಗಿರಬೇಕು. ಹಂಚಿನ ಮಾಡಿನ ಮೇಲೆ ಬೇಡ. ಗಟ್ಟಿ ಗೋಡೆಗೆ ಬಿಗಿಸು, ಇಲ್ಲವೇ ಅಂಗಳದಲ್ಲಿ ಕಾಂಕ್ರೀಟ್ ಹಾಕಿ ಕಬ್ಬಿಣದ ಕಂಬ ನೆಡು. ಕಂಬ ನೆಟ್ಟಗಿದೆಯೇ ಎಂದು ಎರಡೂ ಬದಿಗೆ ರಸಮಟ್ಟ ಹಿಡಿದು ನೋಡು. ಕಂಬ ವಾಲಿದ್ದರೆ ಡಿಶ್ಶಿನ ಮೇಲಿನ ಕೋನದ ಗುರುತು ಸುಳ್ಳು ಹೇಳುತ್ತದೆ. ಒಂದೇ ಒಂದು ಡಿಗ್ರಿ ತಪ್ಪಿದರೂ ಅಷ್ಟು ದೂರದಲ್ಲಿ ಗುರಿ 600 ಕಿಲೋಮೀಟರಿಗೂ ಹೆಚ್ಚು ತಪ್ಪಿರುತ್ತದೆ. ಬಿಸಿಲಿನ ದಿನ ಆಗಲೂ ಚಿತ್ರ ಬಂದೀತು; ಜೂನ್ ಬಂದ ಮೇಲೆ ಬಣ್ಣ ಬಯಲಾಗುತ್ತದೆ.

ಆದ್ದರಿಂದ ಚಿತ್ರ ಬಂತೆಂದು ಹುಡುಗನನ್ನು ಕಳಿಸಿಬಿಡಬೇಡ. ಟಿವಿಯಲ್ಲಿ ಸಿಗ್ನಲ್ ತೋರಿಸುವ ಪುಟ ತೆರೆಸು. ಅಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಪಟ್ಟಿಗಳಿರುತ್ತವೆ. ನೀನು ನೋಡಬೇಕಾದದ್ದು ಕ್ವಾಲಿಟಿ. ಡಿಶ್ಶನ್ನು ಕೂದಲೆಳೆಯಷ್ಟೇ ಸರಿಸಿ, ಎಲ್‌ಎನ್‌ಬಿಯನ್ನು ತುಸು ತಿರುಗಿಸಿ, ಕ್ವಾಲಿಟಿ ಇನ್ನು ಏರುವುದಿಲ್ಲ ಎನ್ನುವವರೆಗೆ ಹುಡುಕಿಸು. ಬೋಲ್ಟು ಬಿಗಿಯುವಾಗ ಡಿಶ್ ಜರುಗುತ್ತದೆ. ಬಿಗಿದ ಮೇಲೆ ಇನ್ನೊಮ್ಮೆ ನೋಡಿಸು. ಕೇಬಲ್ ಒಳ್ಳೆಯ ಆರ್‌ಜಿ-6 ಇರಲಿ, ನಡುವೆ ಜಾಯಿಂಟ್ ಬೇಡ. ಮನೆಯೊಳಗೆ ಹೋಗುವ ಮೊದಲು ಕೇಬಲ್ ಒಂದು ಬಾಗು ಕೆಳಗಿಳಿಯಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹೊರಗಿನ ಕನೆಕ್ಟರಿಗೆ ನೀರು ಇಳಿಯದಂತೆ ಟೇಪ್ ಸುತ್ತಿಸು.

ಕಂಬಕ್ಕೆ ಅರ್ಥಿಂಗ್ ಕೊಡಿಸು. ಗುಡುಗು ಶುರುವಾಗುವ ಮೊದಲೇ ಪ್ಲಗ್ಗನ್ನೂ ಬಾಕ್ಸಿನ ಹಿಂದಿನ ಕೇಬಲನ್ನೂ ಕಳಚುವುದನ್ನು ಅಪ್ಪನಿಗೆ ಕೈಯಾರೆ ಮಾಡಿ ತೋರಿಸು. ಗುಡುಗುವಾಗ ಮುಟ್ಟುವುದು ಬೇಡ. ಇನ್ನೊಂದು ಮಾತು ಹೇಳಿಡು: ಮಾರ್ಚ್ ನಡುವಿನಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ, ಸೂರ್ಯ ಉಪಗ್ರಹದ ಹಿಂದೆ ಸರಿಯಾಗಿ ಬಂದಾಗ ಕೆಲವು ದಿನ ಹಗಲಲ್ಲಿ ಕೆಲವೇ ನಿಮಿಷ ಸಿಗ್ನಲ್ ಹೋಗುತ್ತದೆ. ತಾನೇ ಸರಿಹೋಗುತ್ತದೆ, ಯಾರನ್ನೂ ಕರೆಸಬೇಕಿಲ್ಲ.

ಬೆಂಗಳೂರಿನಲ್ಲಿ ಕೂತು ಫೋನಿನಲ್ಲಿ ಬುಕ್ ಮಾಡಿ ದುಡ್ಡು ಕಳಿಸಿದರೆ ಈ ಕೆಲಸ ಆಗುವುದಿಲ್ಲ. ಮೇ ಮುಗಿಯುವುದರೊಳಗೆ ಎರಡು ದಿನ ರಜೆ ಹಾಕಿ ಬಾ. ನೀನೇ ಎದುರು ನಿಂತು ಮಾಡಿಸು, ಅಮ್ಮನ ಕೈಗೆ ರಿಮೋಟ್ ಕೊಟ್ಟು ಅವಳಿಗೆ ಬರುವವರೆಗೆ ಹೇಳಿಕೊಡು, ಆಮೇಲೆ ಹೊರಡು.