ಕಾರ್ಬುರೇಟರಿನ ತಾನೇ ತೆರೆಯುವ ಚೋಕ್

ಮಾಗಿಯ ಚಳಿಯಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯ ಸುತ್ತಿನ ಊರುಗಳಲ್ಲಿ ಪೆಟ್ರೋಲ್ ಎಂಜಿನ್ ಬೆಳಗ್ಗೆ ಬೇಗ ಚಾಲೂ ಆಗುವುದಿಲ್ಲ. ನೀರೆತ್ತುವ ಸಣ್ಣ ಪಂಪ್‌ಸೆಟ್ ಇರಲಿ, ತೋಟದ ಮನೆಯ ಹಳೆಯ ಕಾರಿರಲಿ, ಮುಖ್ಯ ಕಾರಣ ಒಂದೇ. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಬಿಸಿಯಾದ ಮೇಲೆ 1 ಕಿಲೋ ಪೆಟ್ರೋಲಿಗೆ ಸುಮಾರು 15 ಕಿಲೋ ಗಾಳಿ ಸರಿಹೋಗುತ್ತದೆ. ತಣ್ಣಗಿದ್ದಾಗ ಪೆಟ್ರೋಲ್ ಹೆಚ್ಚು ಬೇಕು. ಇದಕ್ಕಾಗಿ ಕಾರ್ಬುರೇಟರಿನ ಬಾಯಿಗೆ ಅಡ್ಡಲಾಗಿ ಇಟ್ಟಿರುವ ತಟ್ಟೆಯೇ ಚೋಕ್.

ಪಂಪ್‌ಸೆಟ್ಟಿನಲ್ಲಿ ಚೋಕ್ ಹಾಕುವುದು, ತೆಗೆಯುವುದು ಕೈಯ ಕೆಲಸ. ಅಂಬಾಸಡರ್ ಕಾರಿನಲ್ಲೂ ಕೈಯಿಂದಲೇ ಎಳೆಯಬೇಕು. ಆದರೆ ಅಮೆರಿಕದ ಅನೇಕ ಹಳೆಯ ಕಾರುಗಳಲ್ಲಿ ಇದನ್ನು ಒಂದು ಸುರುಳಿ ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಬಿಸಿಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆಸೆದು ಈ ಸುರುಳಿಯನ್ನು ಮಾಡಿರುತ್ತಾರೆ. ತಣ್ಣಗಿದ್ದಾಗ ಅದು ತಟ್ಟೆಯನ್ನು ಮುಚ್ಚುವ ಕಡೆಗೆ ತಳ್ಳುತ್ತದೆ. ಕಾರು ಹೊರಡಿಸುವ ಮೊದಲು ಆಕ್ಸಿಲರೇಟರನ್ನು ಒಮ್ಮೆ ಒತ್ತಿದರೆ ತಟ್ಟೆ ಮುಚ್ಚಿಕೊಳ್ಳುತ್ತದೆ. ಜೊತೆಗೆ ಮೆಟ್ಟಿಲಿನಂಥ ಒಂದು ಕ್ಯಾಮ್ ಥ್ರಾಟಲನ್ನು ತುಸು ತೆರೆದಿಡುವುದರಿಂದ ಎಂಜಿನ್ ನಿಲ್ಲದೆ ವೇಗವಾಗಿ ಓಡುತ್ತದೆ.

ಎಂಜಿನ್ ಹೊತ್ತಿಕೊಂಡ ಕೂಡಲೇ ಅದರ ಎಳೆತದ ಬಲದಿಂದ ಒಂದು ಸಣ್ಣ ಪಿಸ್ಟನ್ನು ಅಥವಾ ಡಯಾಫ್ರಾಮ್ ತಟ್ಟೆಯನ್ನು ಕೊಂಚ ತೆರೆಯುತ್ತದೆ. ಹೀಗಾಗದಿದ್ದರೆ ಎಂಜಿನ್ ಪೆಟ್ರೋಲಿನಲ್ಲಿ ಮುಳುಗಿ ನಿಂತುಹೋಗುತ್ತದೆ. ಆಮೇಲೆ ಹೊಗೆಕೊಳವೆಯ ಬಿಸಿ, ಬಿಸಿನೀರು ಅಥವಾ ವಿದ್ಯುತ್ತಿನ ಕಾವು ಸುರುಳಿಗೆ ತಗಲಿ, ತಟ್ಟೆ ಮೆಲ್ಲಗೆ ನೆಟ್ಟಗಾಗುತ್ತದೆ.

ಕಾವು ತರುವ ಕೊಳವೆಯಲ್ಲಿ ಮಸಿ ಕಟ್ಟಿದರೆ ಸುರುಳಿ ಬಿಸಿಯಾಗದು, ಚೋಕ್ ತೆರೆಯದು. ಕಪ್ಪು ಹೊಗೆ ಇದರ ಒಂದು ಗುರುತು. ಪೆಟ್ರೋಲ್ ದಂಡವಾಗುವುದು ಚಿಕ್ಕ ನಷ್ಟ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು, ಎಂಜಿನ್ ಆಯಿಲನ್ನು ತೆಳುವಾಗಿಸಿ, ರಿಂಗುಗಳನ್ನು ಸವೆಸುವುದೇ ದೊಡ್ಡ ನಷ್ಟ. ಕೈ ಚೋಕನ್ನು ತೆಗೆಯಲು ಮರೆತ ಪಂಪ್‌ಸೆಟ್ಟಿನ ಗತಿಯೂ ಇದೇ.

ಪರೀಕ್ಷೆ ಸುಲಭ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡದೆ, ಏರ್ ಫಿಲ್ಟರ್ ತೆಗೆದು ಆಕ್ಸಿಲರೇಟರ್ ಒಮ್ಮೆ ಒತ್ತಿಸಿ ನೋಡಬೇಕು: ತಟ್ಟೆ ಮುಚ್ಚಬೇಕು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಪೂರ್ತಿ ತೆರೆದಿರಬೇಕು. ತಟ್ಟೆಯ ಕಡ್ಡಿ ಬಿಗಿಯಾಗಿದ್ದರೆ ಕಾರ್ಬುರೇಟರ್ ಕ್ಲೀನರಿನಿಂದ ತೊಳೆಯಬೇಕೇ ಹೊರತು ಎಣ್ಣೆ ಬಿಡಬಾರದು, ಧೂಳು ಕೂರುತ್ತದೆ. ಎಂಜಿನ್ ಹೊತ್ತಿಕೊಳ್ಳದಿದ್ದಾಗ ಕೆಲವರು ಕಾರ್ಬುರೇಟರಿನ ಬಾಯಿಗೆ ಪೆಟ್ರೋಲ್ ಸುರಿಯುವುದುಂಟು. ಬೆಂಕಿ ಹಿಂದಕ್ಕೆ ಚಿಮ್ಮಿ ಮುಖ ಸುಡುವ ಅಪಾಯವಿದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ, ಮೊದಲು ಚೋಕ್ ಸರಿಪಡಿಸಿ ನಂತರ ಆಯಿಲ್ ಬದಲಿಸತಕ್ಕದ್ದು.