ಪ್ರೆಸ್ ನೋಟಿಗಿಂತ ಮೊದಲಿನ ಕೆಲಸ

ವೈದ್ಯರಿಗೆ, ವಕೀಲರಿಗೆ ನೋಂದಣಿ ಇಲ್ಲದಿದ್ದರೆ ವೃತ್ತಿಯಿಲ್ಲ. ಸಾರ್ವಜನಿಕ ಸಂಪರ್ಕಕ್ಕೆ ನಮ್ಮ ದೇಶದಲ್ಲಿ ಅಂಥ ಕಟ್ಟುಪಾಡಿಲ್ಲ. ನಾಲ್ಕು ಸಾಲು ನೆಟ್ಟಗೆ ಬರೆಯಬಲ್ಲ, ನಾಲ್ಕು ಪತ್ರಕರ್ತರ ಪರಿಚಯವಿರುವ ಯಾರು ಬೇಕಾದರೂ ಪಿಆರ್‌ಒ ಆಗಬಹುದು. ಉಡುಪಿ ಜಿಲ್ಲೆಯ ಅಜೆಕಾರಿನಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಓಡಾಡುತ್ತ ಈ ಕೆಲಸ ಕಲಿತ ನಾನೂ ಬಂದದ್ದು ಅದೇ ದಾರಿಯಲ್ಲಿ.

ಹಾಗೆಂದು ವೃತ್ತಿಗೆ ನಿಯಮವೇ ಇಲ್ಲವೆಂದಲ್ಲ. 1958ರಲ್ಲಿ ಹುಟ್ಟಿದ ಭಾರತೀಯ ಸಾರ್ವಜನಿಕ ಸಂಪರ್ಕ ಸಂಸ್ಥೆ 1968ರ ದೆಹಲಿ ಸಮ್ಮೇಳನದಲ್ಲಿ ನೀತಿಸಂಹಿತೆಯನ್ನು ಒಪ್ಪಿಕೊಂಡಿತು. ಏಪ್ರಿಲ್ 21 ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವಾದದ್ದು ಅದರ ನೆನಪಿಗೆ. ಅಮೆರಿಕದಲ್ಲಿ 1964ರಿಂದ ಎಪಿಆರ್ ಎಂಬ ಮಾನ್ಯತೆ ಇದೆ. ಅಭ್ಯರ್ಥಿ ತನ್ನ ಕೆಲಸವನ್ನು ಮೂವರು ಮಾನ್ಯತೆ ಪಡೆದವರ ಮುಂದೆ ಬಿಡಿಸಿಟ್ಟು, ಅವರು ಒಪ್ಪಿದ ಮೇಲೆ ಕಂಪ್ಯೂಟರ್ ಪರೀಕ್ಷೆ ಬರೆಯಬೇಕು. ಪಾಸಾದವರೂ ಮೂರು ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು.

ಆ ಪರೀಕ್ಷೆಯ ಪಠ್ಯ ಹಿಡಿದು ಕೂತವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಪ್ರೆಸ್ ನೋಟ್ ಬರೆಯುವುದಕ್ಕೆ ಅಲ್ಲಿ ಅಂಥ ಜಾಗವಿಲ್ಲ. ದೊಡ್ಡ ಪಾಲು ಸಂಶೋಧನೆ, ಯೋಜನೆ, ಅನುಷ್ಠಾನ, ಮೌಲ್ಯಮಾಪನಕ್ಕೆ ಸೇರಿದ್ದು.

ನಮ್ಮ ಕಡೆಯ ಉಚಿತ ಆರೋಗ್ಯ ತಪಾಸಣಾ ಶಿಬಿರವನ್ನೇ ನೋಡಿ. ದೀಪ ಬೆಳಗುವ ಫೋಟೊ, ವೇದಿಕೆಯ ಗಣ್ಯರ ಹೆಸರು, ಮರುದಿನ ಪತ್ರಿಕೆಯ ಕಟಿಂಗ್. ಫೈಲು ದಪ್ಪಗಾದರೆ ಪಿಆರ್‌ಒ ಗೆದ್ದಂತೆ. ಎಪಿಆರ್ ಪಠ್ಯ ಕೇಳುವುದು ಬೇರೆ: ಯಾರು ಬರಬೇಕಿತ್ತು, ಯಾರು ಬರಲಿಲ್ಲ, ಏಕೆ? ಈ ಪ್ರಶ್ನೆ ಹಿಡಿದು ಅಜೆಕಾರಿನ ನಾಲ್ಕು ಮನೆಗಳ ಜಗಲಿಯಲ್ಲಿ ಕೂತಾಗ ಸಿಕ್ಕ ಉತ್ತರ ಯಾವ ಪತ್ರಿಕೆಯಲ್ಲೂ ಇರಲಿಲ್ಲ. ಶಿಬಿರದ ಹೊತ್ತಿಗೇ ಬೀಡಿ ಕಟ್ಟುವ ಹೆಂಗಸರು ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟುಬರಬೇಕಿತ್ತು. ಸುದ್ದಿ ಅವರಿಗೆ ತಲುಪಿತ್ತು, ಹೊತ್ತು ಕೂಡಿಬರಲಿಲ್ಲ. ಇನ್ನೂ ನೂರು ಕರಪತ್ರ ಹಂಚಿದರೂ ಅವರು ಬರುತ್ತಿರಲಿಲ್ಲ. ಸಮಯ ಮಧ್ಯಾಹ್ನಕ್ಕೆ ಹಾಕಿ ಎಂದು ಆಡಳಿತಕ್ಕೆ ಹೇಳುವುದೂ ಸಾರ್ವಜನಿಕ ಸಂಪರ್ಕದ ಕೆಲಸವೇ, ನನ್ನ ಮಟ್ಟಿಗೆ ಅದೇ ಮುಖ್ಯ ಕೆಲಸ.

ಹೀಗೆ ಜನರ ಅನುಕೂಲಕ್ಕೆ ಹೊಂದಿಕೊಳ್ಳುವುದು ಉಡುಪಿಗೆ ಹೊಸತೂ ಅಲ್ಲ. 1925ರಲ್ಲಿ ಇಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟರು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದರು. ಜನ ಬ್ಯಾಂಕಿಗೆ ಬರುವುದಿಲ್ಲವೆಂದು ದೂರದೆ, ಬ್ಯಾಂಕೇ ಜನರ ಬಳಿಗೆ ಹೋಯಿತು. ಟಿ.ಎಂ.ಎ. ಪೈ ಅವರಂಥ ಸ್ಥಾಪಕರಿಗೆ ಊರಿನವರ ಬದುಕು ಹೇಗೆ ನಡೆಯುತ್ತದೆಂಬುದು ಗೊತ್ತಿತ್ತು.

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಕಾಪು ತಾಲೂಕಿನ ಎಲ್ಲೂರು ಹತ್ತಿರದಲ್ಲೇ ಇದೆ. ಅಲ್ಲಿನ 1,200 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸುತ್ತಲಿನವರ ದೂರುಗಳು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋದವು. 2006ರ ಪರಿಸರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳ ಸಾರ್ವಜನಿಕ ವಿಚಾರಣೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಒಂದು ಪತ್ರಿಕೆ ಸ್ಥಳೀಯ ಭಾಷೆಯದಾಗಿರಬೇಕು. ಪ್ರಕಟಣೆ ಕೊಟ್ಟರೆ ಕಾನೂನು ಪಾಲಿಸಿದಂತಾಯಿತು, ವಿಶ್ವಾಸ ಗಳಿಸಿದಂತಾಗಲಿಲ್ಲ.

ಕಾರ್ಕಳ, ಹೆಬ್ರಿ, ಕಾಪು ಕಡೆಯಿಂದ ಮಣಿಪಾಲಕ್ಕೂ ಕೊಣಾಜೆಗೂ ಸಂವಹನ ಓದಲು ಹೋಗುವ ಮಕ್ಕಳಿಗೆ ಒಂದು ಮಾತು. ತುಳು, ಕೊಂಕಣಿ, ಬ್ಯಾರಿ, ಕನ್ನಡದಲ್ಲಿ ಜಗಲಿಯ ಮೇಲೆ ಕೂತು ಮಾತಾಡಿಸುವ ಶಕ್ತಿ ನಿಮಗಿದೆ. ಮಾನ್ಯತೆಯ ಪರೀಕ್ಷೆ ಮುಂದೆ ಬರೆಯಿರಿ. ಅದಕ್ಕೆ ಮೊದಲು ನಿಮ್ಮೂರಿನ ಒಂದೇ ಒಂದು ಕಾರ್ಯಕ್ರಮ ಆರಿಸಿಕೊಂಡು, ಅದಕ್ಕೆ ಬಾರದೆ ಉಳಿದವರನ್ನು ಹುಡುಕಿ ಕೇಳಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.